ಅನ್ಯರ ನುಡಿ, ನಮ್ಮ ಸಾಕ್ಷ್ಯ: ದೈವಶಾಸ್ತ್ರಾಭ್ಯಾಸದಲ್ಲಿ ಕೃತಿಚೌರ್ಯದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಬೋಧನಾಶಾಸ್ತ್ರದ ತರಗತಿಯಲ್ಲಿ ಗುರುವಿದ್ಯಾರ್ಥಿಗಳು ಸರದಿಯಂತೆ ಅಭ್ಯಾಸ ಪ್ರಬೋಧನೆ ನೀಡುತ್ತಿದ್ದರು. ಅಂದಿನ ವಾಚನ ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯ, ಲಾಜರನ ಮರಣ. ಮುಂದೆ ಬಂದು ನಿಂತ ವಿದ್ಯಾರ್ಥಿ, ತಾವು ಬಾಲಕರಾಗಿದ್ದಾಗ ಜ್ವರದಿಂದ ತೀರಿಕೊಂಡ ತಂಗಿಯ ಪ್ರಸಂಗವನ್ನು ಹೇಳಿದರು. ಸಮಾಧಿಯ ಕಾರ್ಯ ಮುಗಿಸಿ ಮನೆಗೆ ಮರಳಿದಾಗ ಅವಳ ಪುಟ್ಟ ಚಪ್ಪಲಿಗಳು ಹೊಸ್ತಿಲ ಬಳಿ ಹಾಗೆಯೇ ಇದ್ದವು. ಅವನ್ನು ತೆಗೆದಿಡುವ ಧೈರ್ಯ ಮನೆಯವರಾರಿಗೂ ಬರಲಿಲ್ಲ. ಮಾರ್ತಳು ಯೇಸುವಿನ ಮುಂದಿಟ್ಟ ದೂರು ಏನೆಂಬುದು ಆ ಚಪ್ಪಲಿಗಳನ್ನು ಕಂಡಾಗ ತಮಗೆ ಅರ್ಥವಾಯಿತು ಎಂದರು. ತರಗತಿ ಸ್ತಬ್ಧವಾಯಿತು. ನಾವು ಧಾರಾಳವಾಗಿಯೇ ಅಂಕಗಳನ್ನು ಕೊಟ್ಟೆವು.

ಅದೇ ಮಳೆಗಾಲದಲ್ಲಿ ನಿಜವಾಗಿಯೂ ತಂಗಿಯನ್ನು ಕಳೆದುಕೊಂಡಿದ್ದ ಸಹಪಾಠಿಯೊಬ್ಬರು ಆ ರಾತ್ರಿ ಆ ವಿದ್ಯಾರ್ಥಿಯ ಕೊಠಡಿಯ ಬಾಗಿಲು ತಟ್ಟಿದರು. "ಬ್ರದರ್, ಆಮೇಲೆ ನಿಮ್ಮ ಅಮ್ಮ ಹೇಗೆ ಸುಧಾರಿಸಿಕೊಂಡರು? ನಮ್ಮಮ್ಮ ಸರಿಯಾಗಿ ಊಟಾನೇ ಮಾಡ್ತಿಲ್ಲ" ಎಂದು ಕೇಳಿದರು. ಉತ್ತರ ಕೊಡಬೇಕಾದವರ ಬಳಿ ಉತ್ತರವಿರಲಿಲ್ಲ. ಅವರಿಗೆ ತಂಗಿಯೇ ಇರಲಿಲ್ಲ.

ಮರುದಿನ ಬೆಳಗಿನ ಬಲಿಪೂಜೆಗೆ ಮುಂಚೆಯೇ ಅವರು ನಮ್ಮಲ್ಲಿಗೆ ಬಂದರು. ಆ ಪ್ರಬೋಧನೆಯು ಪರದೇಶದ ಯಾಜಕರೊಬ್ಬರ ಇಂಗ್ಲಿಷ್ ಸಂಗ್ರಹವೊಂದರಲ್ಲಿದ್ದುದು. ಇವರು ಅದನ್ನು ಕನ್ನಡಕ್ಕೆ ತಂದಿದ್ದರು, ಅಷ್ಟೆ. ತಪ್ಪನ್ನು ಒಪ್ಪಿಕೊಂಡ ಮೇಲೆ ಅವರು ಇನ್ನೊಂದು ಮಾತನ್ನೂ ಸೇರಿಸಿದರು: "ಅನುವಾದಕ್ಕೆ ಎರಡು ರಾತ್ರಿ ಕೂತಿದ್ದೆ ಫಾದರ್. ಅದೂ ಶ್ರಮವೇ ಅಲ್ಲವೇ? ಅಲ್ಲದೆ ನಾವು ಸಾರುವುದೆಲ್ಲ ಇನ್ನೊಬ್ಬರಿಂದ ಪಡೆದದ್ದೇ ತಾನೆ?" ಇದು ನುಣುಚಿಕೊಳ್ಳುವವರ ಪ್ರಶ್ನೆಯಾಗಿರಲಿಲ್ಲ. ದೈವಶಾಸ್ತ್ರವನ್ನು ಕಲಿಯುವ, ಕಲಿಸುವ ನಮಗೆಲ್ಲರಿಗೂ ಎದುರಾಗಬೇಕಾದ ಪ್ರಶ್ನೆಯೇ ಅದು. ಈ ಲೇಖನದಲ್ಲಿ ಅದನ್ನು ಕೊಂಚ ನಿಧಾನವಾಗಿ ಪರಿಶೀಲಿಸಲು ಯತ್ನಿಸುತ್ತೇವೆ.

ಅಪಹರಣವೆಂಬ ಪದ

ಕನ್ನಡದಲ್ಲಿ ಕೃತಿಚೌರ್ಯವೆಂದು ಕರೆಯಲಾಗುವ ದೋಷಕ್ಕೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಪ್ಲೇಜಿಯರಿಸಂ’ ಎಂಬ ಶಬ್ದವು ಲತೀನ್ ಭಾಷೆಯ ‘ಪ್ಲಗಿಯಾರಿಯುಸ್’ ಎಂಬುದರಿಂದ ಬಂದಿದೆ. ಮೂಲದಲ್ಲಿ ಆ ಪದಕ್ಕೂ ಪುಸ್ತಕಗಳಿಗೂ ಯಾವ ನಂಟೂ ಇರಲಿಲ್ಲ. ಸ್ವತಂತ್ರ ಮನುಷ್ಯನನ್ನು ಹಿಡಿದು ದಾಸನನ್ನಾಗಿ ಮಾರುವವನಿಗೆ, ಅಥವಾ ಪರರ ದಾಸನನ್ನು ಅಪಹರಿಸುವವನಿಗೆ ರೋಮನ್ ಕಾನೂನು ಈ ಹೆಸರು ಕೊಟ್ಟಿತ್ತು. ಕ್ರಿಸ್ತಶಕ ಮೊದಲನೆಯ ಶತಮಾನದ ಕವಿ ಮಾರ್ಷಿಯಲನು ತನ್ನ ಪದ್ಯಗಳನ್ನು ಬೇರೊಬ್ಬನು ತನ್ನವೆಂದು ಓದಿ ತಿರುಗುತ್ತಿದ್ದಾನೆಂದು ಕೇಳಿ, ಆ ಪದ್ಯಗಳನ್ನು ತಾನು ಬಿಡುಗಡೆ ಮಾಡಿದ ದಾಸರಿಗೆ ಹೋಲಿಸಿ, ಅವುಗಳನ್ನು ಮತ್ತೆ ದಾಸ್ಯಕ್ಕೆಳೆದವನನ್ನು ಪ್ಲಗಿಯಾರಿಯುಸ್ ಎಂದು ಕರೆದನು. ಕಾವ್ಯದ ಕಳ್ಳನಿಗೆ ಮನುಷ್ಯಚೋರನ ಹೆಸರು ಅಂಟಿಕೊಂಡದ್ದು ಹೀಗೆ.

ನಮಗೆ ಇನ್ನೂ ಹತ್ತಿರದ ಉಲ್ಲೇಖವೊಂದಿದೆ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಮೊದಲನೆಯ ಅಧ್ಯಾಯದ ಹತ್ತನೆಯ ವಚನದಲ್ಲಿ ಧರ್ಮಶಾಸ್ತ್ರವು ಯಾರಿಗಾಗಿ ನೇಮಕವಾಗಿದೆ ಎಂಬ ಪಟ್ಟಿ ಬರುತ್ತದೆ. ಮನುಷ್ಯರನ್ನು ಕದ್ದು ಮಾರುವವರನ್ನು ಅಲ್ಲಿ ಹೆಸರಿಸಲಾಗಿದ್ದು, ವುಲ್ಗಾತ ಅನುವಾದವು ಅವರಿಗೆ ಬಳಸಿರುವುದು ಇದೇ ಪದವನ್ನು. ಅವರ ಬೆನ್ನಿಗೇ ಸುಳ್ಳುಗಾರರು, ಅವರ ಬಳಿಕ ಸುಳ್ಳಾಣೆ ಇಡುವವರು. ಪ್ರೇಷಿತರ ಮನಸ್ಸಿನಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳಿದ್ದವೆಂದು ನಾವು ವಾದಿಸುತ್ತಿಲ್ಲ. ಅಲ್ಲಿ ಖಂಡಿತವಾಗುತ್ತಿರುವುದು ಮಾನವ ಮಾರಾಟವೆಂಬ ಘೋರ ಪಾತಕ. ಆದರೆ ಅಪಹರಣ, ಸುಳ್ಳು, ಸುಳ್ಳು ಸಾಕ್ಷ್ಯ ಈ ಮೂರೂ ಒಂದೇ ಬೀದಿಯಲ್ಲಿ ವಾಸಿಸುತ್ತವೆ ಎಂಬುದನ್ನಂತೂ ಗಮನಿಸಬಹುದು. ನಮ್ಮ ವಿದ್ಯಾರ್ಥಿ ಹೇಳಿದ ಆ ಪುಟ್ಟ ಚಪ್ಪಲಿಗಳು ಎಲ್ಲೋ ಒಂದು ಮನೆಯ ಹೊಸ್ತಿಲಿಗೆ ಸೇರಿದವು. ಅಲ್ಲಿಂದ ಅವುಗಳನ್ನು ಎತ್ತಿ ತಂದು ತಮ್ಮ ಮನೆಯ ಮುಂದೆ ಇಟ್ಟುಕೊಂಡದ್ದಕ್ಕೆ ‘ಅಪಹರಣ’ ಎಂಬ ಮಾತು ಅತಿಯೆನಿಸದು.

ಶೇಕಡಾವಾರು ಲೆಕ್ಕ

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಈಗ ಕಾನೂನಿನ ರೂಪವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಜುಲೈಯಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯನ್ನು ಬೆಳೆಸುವ ಮತ್ತು ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಮಹಾಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ಕ್ಕಿಂತ ಹೆಚ್ಚಾಗಿ 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷದ ತನಕ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಮೂಲವನ್ನು ಹೆಸರಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ ಮುಂತಾದವು ಎಣಿಕೆಗೆ ಬರುವುದಿಲ್ಲ. ಸತತ 14 ಪದಗಳವರೆಗಿನ ಆಕಸ್ಮಿಕ ಹೊಂದಿಕೆಯೂ ಬರುವುದಿಲ್ಲ. ನಮ್ಮ ಗುರುಮಠಗಳು ಈ ನಿಯಮಾವಳಿಯ ವ್ಯಾಪ್ತಿಗೆ ನೇರವಾಗಿ ಸೇರಲಿ ಸೇರದಿರಲಿ, ಪ್ರತಿಯೊಬ್ಬ ಗುರುವಿದ್ಯಾರ್ಥಿಯೂ ಇದನ್ನು ತಿಳಿದಿರುವುದು ಒಳ್ಳೆಯದು. ನಾಳೆ ಉನ್ನತ ವ್ಯಾಸಂಗಕ್ಕೆ ಹೋಗುವವರಿಗಂತೂ ಇದು ಅನಿವಾರ್ಯ.

ಆದರೆ ಲೆಕ್ಕಕ್ಕೂ ನೀತಿಗೂ ಅಂತರವಿದೆ. ತಂತ್ರಾಂಶವು ಅಳೆಯುವುದು ಹೋಲಿಕೆಯನ್ನು, ಚೌರ್ಯವನ್ನಲ್ಲ. ‘ಶೇಕಡಾ 10’ ಎಂಬುದನ್ನು ನಮ್ಮ ಕೆಲವು ವಿದ್ಯಾರ್ಥಿಗಳು ಪಡಿತರ ಚೀಟಿಯಂತೆ ಓದಿಕೊಂಡಿದ್ದಾರೆ: ಅಷ್ಟು ನಮ್ಮ ಪಾಲು, ಅದಕ್ಕೆ ಲೆಕ್ಕ ಕೇಳುವಂತಿಲ್ಲ ಎಂದು. ಸಂಸ್ಕೃತ ಕಾವ್ಯಮೀಮಾಂಸಕ ರಾಜಶೇಖರನು ಸಾವಿರ ವರ್ಷಗಳಿಗೂ ಹಿಂದೆಯೇ ಶಬ್ದಹರಣವನ್ನೂ ಅರ್ಥಹರಣವನ್ನೂ ಬೇರೆಬೇರೆಯಾಗಿ ವಿವೇಚಿಸಿದ್ದನು. ಇಂದಿನ ಯಂತ್ರವು ಮುಖ್ಯವಾಗಿ ಮೊದಲನೆಯದನ್ನು ಹಿಡಿಯುತ್ತದೆ. ಎರಡನೆಯದರ ಮುಂದೆ ಅದು ಬಹುಮಟ್ಟಿಗೆ ಕುರುಡು.

ಈ ಕುರುಡುತನವನ್ನು ಬಳಸಿಕೊಳ್ಳಲು ಹೋಗಿ ಆಗುವ ಅನಾಹುತಕ್ಕೆ ಒಂದು ನಿದರ್ಶನ. ಕ್ರಿಸ್ತಶಾಸ್ತ್ರದ ಕಿರುಪ್ರಬಂಧವೊಂದರಲ್ಲಿ 451ರ ಕಾಲ್ಸೆಡೋನ್ ಮಹಾಸಭೆಯನ್ನು ಕುರಿತ ಒಂದು ಪುಟವನ್ನು ಬೇರೆಡೆಯಿಂದ ಎತ್ತಿಕೊಳ್ಳಲಾಗಿತ್ತು. ಸಿಕ್ಕಿಬೀಳಬಾರದೆಂದು ಅಲ್ಲಲ್ಲಿ ಸಮಾನಾರ್ಥಕ ಪದಗಳನ್ನು ತುಂಬಲಾಗಿತ್ತು. ‘ಆದ್ದರಿಂದ’ ಎಂಬುದು ‘ಆದಕಾರಣ’ ಆಯಿತು, ಅಡ್ಡಿಯಿಲ್ಲ. ಆದರೆ ಅದೇ ಉತ್ಸಾಹದಲ್ಲಿ ‘ಎರಡು ಸ್ವಭಾವಗಳು’ ಎಂಬುದು ‘ಎರಡು ವ್ಯಕ್ತಿತ್ವಗಳು’ ಆಗಿ, ಮಹಾಸಭೆಯ ಪಿತೃಗಳೆಲ್ಲರೂ ಮೂರು ವಾಕ್ಯಗಳೊಳಗೆ ನೆಸ್ತೋರಿಯ ಪಕ್ಷಕ್ಕೆ ಸೇರಿಬಿಟ್ಟಿದ್ದರು! ನಕ್ಕು ಸುಮ್ಮನಾಗಬಹುದಾದ ಸಂಗತಿ ಇದಲ್ಲ. ಆ ವಿದ್ಯಾರ್ಥಿಗೆ ಸ್ವಭಾವ, ವ್ಯಕ್ತಿ ಎಂಬೆರಡು ಪದಗಳ ನಡುವಣ ಭೇದಕ್ಕಾಗಿ ಧರ್ಮಸಭೆಯು ಎಷ್ಟು ನೋವುಂಡಿತೆಂಬುದು ತಿಳಿಯಲೇ ಇಲ್ಲ. ಆ ಪುಟವು ಅವರ ಕೈಯನ್ನು ಹಾದುಹೋಯಿತು, ಬುದ್ಧಿಯನ್ನು ಹಾದುಹೋಗಲಿಲ್ಲ.

ಪಡೆದದ್ದು ಮತ್ತು ಕದ್ದದ್ದು

ಈಗ ನಮ್ಮ ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಬರೋಣ. ನಾವು ಸಾರುವುದೆಲ್ಲ ಪಡೆದದ್ದೇ ಆಗಿರುವಾಗ ಯಾರದು ಯಾರದ್ದು ಎಂದು ಬೇಲಿ ಹಾಕುವುದೇಕೆ? ವಿಜ್ಞಾನಿಯಿಂದ ಹೊಸ ಶೋಧನೆಯನ್ನು ನಿರೀಕ್ಷಿಸಲಾಗುತ್ತದೆ. ಯಾಜಕನಿಂದ ಹೊಸ ಶುಭಸಂದೇಶವನ್ನು ಯಾರೂ ನಿರೀಕ್ಷಿಸುವುದಿಲ್ಲ. ಪರಂಪರೆಯೆಂದರೆ ಹಸ್ತಾಂತರ. ಸಂತ ಪೌಲರೇ ಕೊರಿಂಥದವರಿಗೆ ಬರೆಯುವಾಗ, ಪ್ರಭುವಿನ ಭೋಜನವನ್ನು ಕುರಿತೂ (11:23) ಪುನರುತ್ಥಾನವನ್ನು ಕುರಿತೂ (15:3) ತಾವು ಪಡೆದದ್ದನ್ನೇ ಒಪ್ಪಿಸಿದ್ದೇವೆಂದು ಹೇಳುತ್ತಾರಲ್ಲವೇ?

ಹೌದು, ಹೇಳುತ್ತಾರೆ. ಆದರೆ ‘ಪಡೆದೆ’ ಎಂಬ ಮಾತನ್ನು ಅವರು ನುಂಗಿಬಿಡುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಇದೇ ಪತ್ರದ ಏಳನೆಯ ಅಧ್ಯಾಯವು ಇನ್ನಷ್ಟು ಸೂಕ್ಷ್ಮವಾದುದು. ವಿವಾಹವನ್ನು ಕುರಿತು ಬೋಧಿಸುವಾಗ ಹತ್ತನೆಯ ವಚನದಲ್ಲಿ, ಈ ಆಜ್ಞೆ ತಮ್ಮದಲ್ಲ, ಪ್ರಭುವಿನದು ಎನ್ನುತ್ತಾರೆ. ಹನ್ನೆರಡನೆಯ ವಚನದಲ್ಲಿ, ಇದು ಪ್ರಭುವಿನದಲ್ಲ, ತಮ್ಮ ಮಾತು ಎನ್ನುತ್ತಾರೆ. ಇಪ್ಪತ್ತೈದರಲ್ಲಿ, ಈ ವಿಷಯದಲ್ಲಿ ಪ್ರಭುವಿನ ಆಜ್ಞೆ ತಮಗೆ ದೊರೆತಿಲ್ಲವೆಂದೂ ತಮ್ಮ ಅಭಿಪ್ರಾಯವನ್ನಷ್ಟೇ ಕೊಡುತ್ತಿರುವುದಾಗಿಯೂ ಒಪ್ಪಿಕೊಳ್ಳುತ್ತಾರೆ. ಪ್ರೇಷಿತರಾಗಿದ್ದ ಅವರು ಮೂರನ್ನೂ ಒಂದೇ ಅಧಿಕಾರದಿಂದ ಹೇಳಿಬಿಡಬಹುದಿತ್ತು. ತಮ್ಮ ಮಾತಿಗೆ ಪ್ರಭುವಿನ ಹೆಸರನ್ನಾಗಲಿ, ಪ್ರಭುವಿನ ಮಾತಿಗೆ ತಮ್ಮ ಹೆಸರನ್ನಾಗಲಿ ಅವರು ಅಂಟಿಸಲಿಲ್ಲ. ಅಡಿಟಿಪ್ಪಣಿಯ ಧರ್ಮವನ್ನು ಕಲಿಸಲು ಈ ಮೂರು ವಚನಗಳಿಗಿಂತ ಉತ್ತಮ ಪಾಠವನ್ನು ನಾವು ಬೇರೆಲ್ಲೂ ಕಂಡಿಲ್ಲ. ಓದುವವರಿಗೆ ಯಾವ ಮಾತಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ತಿಳಿಸುವುದೇ ಅದರ ಕೆಲಸ.

ಮಾರ್ಕನ ಶುಭಸಂದೇಶದ ಬಹುಪಾಲು ಮತ್ತಾಯನಲ್ಲಿ ಹೆಸರಿಲ್ಲದೆ ಸೇರಿಕೊಂಡಿದೆಯಲ್ಲ ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಶುಭಸಂದೇಶಕಾರರು ಪದವಿಗಾಗಿ ಬರೆಯಲಿಲ್ಲ, ತಮ್ಮ ಹೆಸರನ್ನೇ ಗ್ರಂಥದೊಳಗೆ ಹಾಕಿಕೊಳ್ಳಲಿಲ್ಲ. ತನ್ನದೆಂದು ಯಾರೂ ಹೇಳಿಕೊಳ್ಳದಿರುವಲ್ಲಿ ಕದ್ದರೆಂಬ ಆರೋಪ ನಿಲ್ಲುವುದಿಲ್ಲ. ಲೂಕನಾದರೋ ತನಗಿಂತ ಮುಂಚೆ ಅನೇಕರು ಬರೆದಿದ್ದಾರೆಂದು ಮೊದಲ ವಾಕ್ಯದಲ್ಲೇ ಹೇಳಿದ್ದಾನೆ. ಈ ಪ್ರಶ್ನೆಗೆ ಇಷ್ಟು ಸಾಕು.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಸಂತ ಅಗಸ್ಟೀನರಿಂದ ಬರುತ್ತದೆ. 426-27ರ ಸುಮಾರಿಗೆ ಮುಗಿಸಿದ ‘ಕ್ರೈಸ್ತ ಬೋಧನೆ’ ಎಂಬ ಗ್ರಂಥದ ನಾಲ್ಕನೆಯ ಭಾಗದ ಕೊನೆಯಲ್ಲಿ ಅವರು, ಚೆನ್ನಾಗಿ ಮಾತನಾಡಬಲ್ಲವರಾದರೂ ತಾವೇ ರಚಿಸಲಾರದ ಬೋಧಕರು ಬೇರೆಯವರು ಬರೆದ ಒಳ್ಳೆಯ ಪ್ರಬೋಧನೆಯನ್ನು ಕಂಠಪಾಠ ಮಾಡಿ ಜನರಿಗೆ ಹೇಳಿದರೆ ತಪ್ಪಿಲ್ಲ ಎಂದು ಬರೆದಿದ್ದಾರೆ. ಯೆರೆಮೀಯ 23:30ರಲ್ಲಿ ದೇವರು ತಮ್ಮ ಮಾತುಗಳನ್ನು ಒಬ್ಬರಿಂದೊಬ್ಬರು ಕದಿಯುವ ಪ್ರವಾದಿಗಳ ಮೇಲೆ ಸಿಟ್ಟಾಗುತ್ತಾರೆಂಬುದೂ ಅವರಿಗೆ ನೆನಪಿದೆ. ದೇವರ ವಾಕ್ಯಕ್ಕೆ ವಿಧೇಯರಾಗಿ ಬಾಳುವವರಿಗೆ ಆ ವಾಕ್ಯ ಪರಕೀಯವಲ್ಲ. ಚೆನ್ನಾಗಿ ನುಡಿದು ಕೆಟ್ಟದಾಗಿ ಬಾಳುವವರೇ ನಿಜವಾದ ಕಳ್ಳರು, ಏಕೆಂದರೆ ಅವರು ಹೇಳುವ ಒಳ್ಳೆಯ ಮಾತು ಅವರ ಬಾಳಿಗೆ ಸೇರಿದ್ದಲ್ಲ. ಅಗಸ್ಟೀನರ ಉತ್ತರದ ಸಾರ ಇದು.

ಈ ಭಾಗವನ್ನು ರಕ್ಷಾಕವಚವಾಗಿ ಹಿಡಿದುಕೊಳ್ಳುವವರು ಅದನ್ನು ಪೂರ್ತಿಯಾಗಿ ಓದಬೇಕು. ಅಗಸ್ಟೀನರು ಅನುಮತಿ ನೀಡುತ್ತಿರುವುದು ರಚನಾಶಕ್ತಿಯಿಲ್ಲದ ಬೋಧಕರಿಗೆ, ಜನರು ಹಸಿದಿರಬಾರದೆಂಬ ಕಾರಣಕ್ಕೆ. ಹಾಗೆ ಹೇಳಿದ ಸತ್ಯವು ಎಲ್ಲರದೂ ಹೌದು. ಆದರೆ ಪರೀಕ್ಷೆಗೆಂದು ಬರೆಯುವ ಪ್ರಬಂಧವು ಜನರ ಹಸಿವನ್ನು ಹಿಂಗಿಸಲು ಬಡಿಸಿದ್ದಲ್ಲ. ‘ನಾನು ಓದಿದೆ, ತೂಗಿ ನೋಡಿದೆ, ಹೀಗೆ ತಿಳಿದುಕೊಂಡೆ’ ಎಂಬ ಸಾಕ್ಷ್ಯ ಅದು. ಮತ್ತೊಬ್ಬರ ಬೋಧನೆಯನ್ನು ಒಪ್ಪಿಸಲು ಅಗಸ್ಟೀನರ ಅಪ್ಪಣೆ ಇದ್ದೀತು, ಮತ್ತೊಬ್ಬರ ಬಾಳನ್ನು ತನ್ನದೆಂದು ಹೇಳಿಕೊಳ್ಳಲು ಇಲ್ಲ. ತೀರಿಕೊಂಡ ತಂಗಿ ಸತ್ಯಬೋಧನೆಯ ಒಂದು ಅಂಶವಲ್ಲ.

ಪೂರ್ವಿಕರು ಈ ವಿಷಯದಲ್ಲಿ ನಾವು ಊಹಿಸುವುದಕ್ಕಿಂತ ಹೆಚ್ಚು ಎಚ್ಚರವಾಗಿದ್ದರು. 735ರಲ್ಲಿ ನಿಧನರಾದ ಸಂತ ಬೀಡರು ಲೂಕನ ಶುಭಸಂದೇಶಕ್ಕೆ ಬರೆದ ವ್ಯಾಖ್ಯಾನದಲ್ಲಿ ಆಂಬ್ರೋಸ್, ಅಗಸ್ಟೀನ್, ಗ್ರೆಗೊರಿ, ಜೆರೋಮರಿಂದ ಹೇರಳವಾಗಿ ಎತ್ತಿಕೊಂಡರು. ಹಿರಿಯರ ಮಾತುಗಳನ್ನು ಕದ್ದು ತಮ್ಮದೆಂಬಂತೆ ಜೋಡಿಸಿದರೆಂಬ ದೂರು ಬರಬಾರದೆಂದು ಪುಟದ ಅಂಚಿನಲ್ಲಿ ಆಯಾ ಪಿತೃಗಳ ಹೆಸರಿನ ಅಕ್ಷರಗಳನ್ನು ಗುರುತಾಗಿ ಬರೆದರು. ಪ್ರತಿ ಮಾಡುವವರು ಆ ಗುರುತುಗಳನ್ನು ಬಿಟ್ಟುಬಿಡಬಾರದೆಂದು ಕೇಳಿಕೊಂಡರು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಜಗದ್ಗುರು ನಾಲ್ಕನೆಯ ಅರ್ಬನರ ಕೋರಿಕೆಯಂತೆ ಪಿತೃಗಳ ಮಾತುಗಳನ್ನೇ ಪೋಣಿಸಿ ‘ಸುವರ್ಣಮಾಲೆ’ಯನ್ನು ರಚಿಸಿದಾಗಲೂ ಪ್ರತಿಯೊಂದು ಮಣಿಗೂ ಒಡೆಯನ ಹೆಸರನ್ನು ಕಟ್ಟಿದರು. ನಮ್ಮ ನಾಡಿನಲ್ಲೇ, 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದರೆ ಪದಗಳ ಪಕ್ಕದಲ್ಲಿ ಶಬ್ದಮಣಿದರ್ಪಣ, ಬಸವಪುರಾಣ ಮುಂತಾದ ಆಕರಗಳ ಸಂಕ್ಷಿಪ್ತ ಗುರುತುಗಳು ಕಾಣುತ್ತವೆ. ಬೀಡರ ಅಂಚಿನ ಅಕ್ಷರಗಳೇ ಇಲ್ಲಿ ಬೇರೆ ಲಿಪಿಯಲ್ಲಿ ಮರಳಿ ಬಂದಂತಿದೆ.

ಯೆಹೂದ್ಯ ರಬ್ಬಿಗಳ ಪರಂಪರೆಯಲ್ಲಿ ಇದಕ್ಕೊಂದು ಮನೋಹರ ಆಧಾರವುಂಟು. ಅರಸನ ವಿರುದ್ಧದ ಸಂಚನ್ನು ಎಸ್ತೇರಳು ಮೊರ್ದೆಕೈಯ ಹೆಸರಿನಲ್ಲಿ ಅರಸನಿಗೆ ತಿಳಿಸಿದಳು (ಎಸ್ತೇರಳು 2:22). ಆ ಹೆಸರು ಅರಮನೆಯ ದಾಖಲೆಯಲ್ಲಿ ಉಳಿಯಿತು. ಮುಂದೊಂದು ರಾತ್ರಿ ಅರಸನಿಗೆ ನಿದ್ದೆ ಬಾರದೆ ಆ ದಾಖಲೆಯನ್ನು ಓದಿಸಿದಾಗ ಮೊರ್ದೆಕೈಯ ಭಾಗ್ಯ ತಿರುಗಿತು. ಆದ್ದರಿಂದ, ಮಾತನ್ನು ಅದನ್ನಾಡಿದವರ ಹೆಸರಿನಲ್ಲೇ ಹೇಳುವವರು ಲೋಕಕ್ಕೆ ಬಿಡುಗಡೆಯನ್ನು ತರುತ್ತಾರೆಂದು ‘ಪಿರ್ಕೆ ಆವೋತ್’ ಎಂಬ ಸಂಗ್ರಹವು ಬೋಧಿಸುತ್ತದೆ. ಎಸ್ತೇರಳು ಆ ಕೀರ್ತಿಯನ್ನು ತಾನೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೆಂದು ಒಮ್ಮೆ ಯೋಚಿಸಬಹುದು.

ಬೋಸ್ಟನ್ನಿನ ಒಂದು ಪತ್ರ

ದೈವಶಾಸ್ತ್ರದ ಪ್ರಬಂಧಗಳಲ್ಲಿನ ಕೃತಿಚೌರ್ಯದ ಮಾತು ಬಂದಾಗ ಒಂದು ನೋವಿನ ಪ್ರಕರಣವನ್ನು ಬಿಟ್ಟುಬಿಡುವಂತಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರು 1955ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪೌಲ್ ಟಿಲಿಕ್ ಮತ್ತು ಹೆನ್ರಿ ನೆಲ್ಸನ್ ವೀಮನ್ ಎಂಬ ಚಿಂತಕರ ದೇವರ ಕಲ್ಪನೆಗಳ ತುಲನೆ ಅವರ ವಿಷಯವಾಗಿತ್ತು. ಅವರ ಬರಹಗಳನ್ನು ಸಂಪಾದಿಸುತ್ತಿದ್ದ ವಿದ್ವಾಂಸರು, ಆ ಮಹಾಪ್ರಬಂಧದ ಹಲವು ಭಾಗಗಳು ಇತರರ ಬರಹಗಳಿಂದ, ಅದರಲ್ಲೂ ಅದೇ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಜ್ಯಾಕ್ ಬೂಜರ್ ಎಂಬುವರು ಟಿಲಿಕರನ್ನು ಕುರಿತು ಸಲ್ಲಿಸಿದ್ದ ಪ್ರಬಂಧದಿಂದ, ಸರಿಯಾದ ಸೂಚನೆಯಿಲ್ಲದೆ ಬಂದಿರುವುದನ್ನು ಕಂಡುಕೊಂಡರು. 1990ರಲ್ಲಿ ಇದು ಬಹಿರಂಗವಾಯಿತು. ವಿಶ್ವವಿದ್ಯಾಲಯದ ಸಮಿತಿ 1991ರಲ್ಲಿ ಚೌರ್ಯ ನಡೆದಿರುವುದು ನಿಜವೆಂದು ಹೇಳಿತು. ಪದವಿಯನ್ನು ಹಿಂಪಡೆಯಬೇಕಾಗಿಲ್ಲ, ಆದರೆ ಗ್ರಂಥಾಲಯದಲ್ಲಿರುವ ಪ್ರತಿಗೆ ಈ ಸಂಗತಿಯನ್ನು ತಿಳಿಸುವ ಪತ್ರವೊಂದನ್ನು ಲಗತ್ತಿಸಬೇಕೆಂದಿತು.

ಕಿಂಗ್ ಅವರ ಧೀರ ಬದುಕಿನಿಂದ ಈ ದೋಷ ಅಳಿಯುವುದಿಲ್ಲ, ಈ ದೋಷದಿಂದ ಅವರ ಬದುಕೂ ಅಳಿಯುವುದಿಲ್ಲ. ಅವರ ಹೆಸರು ಹೇಳಿ ಕದಿಯುವವರು ಸಮಾಧಾನಪಟ್ಟುಕೊಳ್ಳುವುದನ್ನು ನಾವು ಕೇಳಿದ್ದೇವೆ. ಅವರು ಸೆರೆಮನೆಗೆ ಹೋದದ್ದನ್ನು ಇವರು ಅನುಕರಿಸಿದಂತಿಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಮೂರೇ ವರ್ಷಗಳ ಹಿಂದೆ ಅದೇ ವಿಶ್ವವಿದ್ಯಾಲಯವು ಒಪ್ಪಿಕೊಂಡಿದ್ದ ಪ್ರಬಂಧದ ಮಾತುಗಳು ಪುನಃ ಕಣ್ಣೆದುರಿಗೆ ಬಂದಾಗ ಅಧ್ಯಾಪಕರಾರೂ ಗುರುತಿಸಲಿಲ್ಲವೇಕೆ? ಅಧ್ಯಾಪಕರು ಓದದೆ ಅಂಕ ಕೊಡುವಲ್ಲಿ ವಿದ್ಯಾರ್ಥಿಗಳು ಓದದೆ ಬರೆಯುತ್ತಾರೆ. ವರ್ಷವರ್ಷವೂ ‘ಸಂಸ್ಕಾರಗಳ ಮಹತ್ವ’ ಎಂಬ ಒಂದೇ ವಿಷಯವನ್ನು ಪ್ರಬಂಧಕ್ಕೆ ಕೊಟ್ಟು, ಪುಟಗಳನ್ನೆಣಿಸಿ ಅಂಕ ಹಾಕುವ ನಮ್ಮಂಥವರೂ ಈ ವ್ಯವಹಾರದಲ್ಲಿ ಪಾಲುದಾರರೇ.

ಅನುವಾದದ ಅಡಗುತಾಣ

ನಮ್ಮ ಕನ್ನಡದ ಪರಿಸ್ಥಿತಿಗೆ ವಿಶೇಷವಾದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮ ದೈವಶಾಸ್ತ್ರದ ಆಕರಗಳೆಲ್ಲ ಹೆಚ್ಚುಕಡಿಮೆ ಅನ್ಯಭಾಷೆಗಳಲ್ಲಿವೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವುದು ನಮ್ಮ ಸಹಜಸ್ಥಿತಿ. ಭಾಷೆ ಬದಲಾಯಿಸಿದ ಮಾತ್ರಕ್ಕೆ ಕೃತಿ ತಮ್ಮದಾಯಿತೆಂಬ ಭಾವನೆ ಇದರಿಂದ ಬೇರೂರಿದೆ. ಯಂತ್ರಕ್ಕೂ ಈ ರೂಪಾಂತರ ಸುಲಭವಾಗಿ ಸಿಗದು. ನಮ್ಮ ಪುಸ್ತಕಗಳಲ್ಲೂ ಪತ್ರಿಕೆಗಳಲ್ಲೂ ಮೂಲವನ್ನು ಹೇಳದ ಅನುವಾದಗಳು ‘ಲೇಖನ’ಗಳಾಗಿ ಅಚ್ಚಾಗಿವೆಯೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಎರಡು ರಾತ್ರಿಗಳ ಶ್ರಮ ಶ್ರಮವೇ. ಅನುವಾದವು ಹಗುರವಾದ ಕೆಲಸವೆಂದು ನಾವು ಎಂದೂ ಹೇಳೆವು. ಒಳ್ಳೆಯ ದೈವಶಾಸ್ತ್ರದ ಅನುವಾದಕರು ನಮಗೆ ಬೇಕಾಗಿದ್ದಾರೆ. ಆದರೆ ಆ ಶ್ರಮಕ್ಕೆ ಸಲ್ಲಬೇಕಾದ ಹೆಸರು ‘ಅನುವಾದಕ’ ಎಂಬುದು. ಅದನ್ನು ಮುಚ್ಚಿಟ್ಟರೆ ಎರಡು ನಷ್ಟ: ಮೂಲ ಲೇಖಕರಿಗೆ ಅವರ ಹೆಸರು ತಪ್ಪುತ್ತದೆ, ಅನುವಾದಕರಿಗೆ ತಮ್ಮ ನಿಜವಾದ ಗೌರವವೇ ತಪ್ಪುತ್ತದೆ. ಇನ್ನು ಮೂರನೆಯದೂ ಒಂದಿದೆ. ಕನ್ನಡದಲ್ಲಿ ಓದುವ ಶ್ರೀಸಾಮಾನ್ಯರಿಗೆ ಆ ವಿಚಾರವನ್ನು ಇನ್ನಷ್ಟು ಓದಬೇಕೆನಿಸಿದರೆ ಹಿಂದಿರುಗಿ ಹೋಗುವ ದಾರಿ ಇಲ್ಲವಾಗುತ್ತದೆ.

ಇದರ ನೆಂಟನೇ ಎರವಲು ಅಡಿಟಿಪ್ಪಣಿ. ಪಠ್ಯಪುಸ್ತಕವೊಂದರಲ್ಲಿ ಕಂಡ ಉಲ್ಲೇಖವನ್ನು, ತಾವೇ ಮೂಲವನ್ನು ನೋಡಿದಂತೆ, ಸಂಪುಟ ಪುಟಗಳ ಸಮೇತ ಇಳಿಸಿಕೊಳ್ಳುವುದು. ಈ ದೋಷದಲ್ಲಿ ನಾವೇ ಸಿಕ್ಕಿಬಿದ್ದವರು. ಲೈಸೆನ್ಶಿಯೇಟ್ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಪಿತೃಗಳ ಲತೀನ್ ಸಂಪುಟಗಳಿಂದ ಘನವಾಗಿ ಕಾಣುವ ಒಂದು ಉಲ್ಲೇಖ ಕೊಟ್ಟಿದ್ದೆವು. ಮಾರ್ಗದರ್ಶಕರು ಕನ್ನಡಕದ ಮೇಲಿನಿಂದ ನೋಡಿ, ಆ ಸಂಪುಟವನ್ನು ಗ್ರಂಥಾಲಯದಿಂದ ತರುವಂತೆ ಮೆಲ್ಲಗೆ ಹೇಳಿದರು. ತಂದೆವು. ನಾವು ಸೂಚಿಸಿದ್ದ ಅಂಕಣದಲ್ಲಿ ಬೇರಾವುದೋ ವಿಷಯವಿತ್ತು. ನಾವು ನಕಲಿಸಿದ್ದ ಪುಸ್ತಕದ ಮುದ್ರಣದೋಷವೂ ನಮ್ಮೊಡನೆ ಬಂದಿತ್ತು. ಅವರು ಬೈಯಲಿಲ್ಲ, ಮುಂದಿನ ಎರಡು ವರ್ಷ ನಾವು ಪ್ರತಿಯೊಂದು ಉಲ್ಲೇಖಕ್ಕೂ ಆ ಪುಸ್ತಕದ ಕಪಾಟಿನವರೆಗೆ ನಡೆದೆವು. ಮೂಲ ಕೈಗೆ ಸಿಗದಿದ್ದರೆ ‘ಇಂಥವರ ಗ್ರಂಥದಲ್ಲಿ ಉದ್ಧೃತ’ ಎಂದು ಬರೆಯುವುದರಲ್ಲಿ ಯಾವ ಕುಂದೂ ಇಲ್ಲ. ಪ್ರಬೋಧನೆಯಲ್ಲಾದರೆ ಅಡಿಟಿಪ್ಪಣಿಯ ಆಡಂಬರವೇ ಬೇಡ. ‘ಒಬ್ಬ ಯಾಜಕರು ಬರೆದಿದ್ದಾರೆ’ ಎಂಬ ಮೂರು ಪದ ಸಾಕು. ಮಂಕುತಿಮ್ಮನ ಕಗ್ಗದ ಸಾಲನ್ನು ಬಸವಣ್ಣನವರ ವಚನವೆಂದು ಪೀಠದಿಂದ ಕೇಳಿದ ದಿನ, ಹೆಸರು ಹೇಳಬೇಕಾದರೆ ಮೊದಲು ತಿಳಿದಿರಬೇಕೆಂಬುದೂ ನಮಗೆ ಮನವರಿಕೆಯಾಯಿತು.

ಕೃತಕ ಬುದ್ಧಿಮತ್ತೆಯ ಬಗೆಗೂ ಒಂದು ಮಾತು. ಯಂತ್ರವು ಬರೆದುಕೊಟ್ಟ ಪ್ರಬಂಧಕ್ಕೆ ದೂರು ಕೊಡುವ ಒಡೆಯನಿಲ್ಲ. ಆದುದರಿಂದ ಅದು ಕಳ್ಳತನವಲ್ಲವೆಂದು ವಾದಿಸುವವರಿದ್ದಾರೆ. 2025ರ ಜನವರಿಯಲ್ಲಿ ವ್ಯಾಟಿಕನ್ನಿನ ಎರಡು ಆಯೋಗಗಳು ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯು ಮಾನವ ಬುದ್ಧಿಗೂ ಯಂತ್ರದ ಕಾರ್ಯಕ್ಕೂ ಇರುವ ಅಂತರವನ್ನು ವಿವರಿಸುವಾಗ ಶಿಕ್ಷಣದ ವಿಷಯವನ್ನೂ ಎತ್ತಿಕೊಂಡಿದೆ. ನಮ್ಮ ವಿದ್ಯಾರ್ಥಿಗಳು ಅದನ್ನು ತಾವೇ ಓದಲಿ. ನಮ್ಮ ಅಭಿಪ್ರಾಯದಲ್ಲಿ ಈ ವಾದ ಬೀಳುವುದು ಬೇರೊಂದು ಕಾರಣಕ್ಕೆ. ಕೃತಿಚೌರ್ಯವನ್ನು ನಾವು ಏಳನೆಯ ಆಜ್ಞೆಯಡಿ ಮಾತ್ರ ಇಟ್ಟು ನೋಡುತ್ತಿದ್ದೇವೆ. ಅದರ ನಿಜವಾದ ಸ್ಥಾನ ಎಂಟನೆಯ ಆಜ್ಞೆಯಡಿ. ಕದ್ದವರಿಂದ ಮೂಲ ಲೇಖಕರಿಗೆ ಎಷ್ಟೋ ವೇಳೆ ಏನೂ ನಷ್ಟವಾಗದು. ಆದರೆ ಓದುವವರಿಗೆ ಸುಳ್ಳು ಸಾಕ್ಷ್ಯ ತಲುಪುತ್ತದೆ: ಬರೆದವನ ಕುರಿತಾದ ಸುಳ್ಳು.

ಆ ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ನೋಡಿ. ಗುರುದೀಕ್ಷೆಯ ವಿಧಿಯಲ್ಲಿ, ಅಭ್ಯರ್ಥಿಗಳು ಯೋಗ್ಯರೆಂದು ತಿಳಿದಿದೆಯೇ ಎಂದು ಧರ್ಮಾಧ್ಯಕ್ಷರು ಕೇಳುತ್ತಾರೆ. ಜನರನ್ನು ವಿಚಾರಿಸಿ, ಹೊಣೆಯುಳ್ಳವರ ಶಿಫಾರಸನ್ನು ಪಡೆದು, ಯೋಗ್ಯರೆಂದು ಕಂಡುಬಂದಿದೆಯೆಂದು ಸಭೆಯ ಮುಂದೆ ಉತ್ತರಿಸಲಾಗುತ್ತದೆ. ಆ ಉತ್ತರದ ಹಿಂದೆ ನಮ್ಮ ವರದಿಗಳಿವೆ, ವರದಿಗಳ ಹಿಂದೆ ಅಂಕಪಟ್ಟಿಗಳಿವೆ, ಅಂಕಪಟ್ಟಿಗಳ ಹಿಂದೆ ಆ ಪ್ರಬಂಧಗಳಿವೆ. ಒಂದು ಕದ್ದ ಪುಟವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪೀಠದ ತನಕ ಏರಿಬರುತ್ತದೆ. ಬಳಿಕ ಆಸ್ಪತ್ರೆಯಲ್ಲೋ ಸಾವಿನ ಮನೆಯಲ್ಲೋ ಯಾರೋ ಒಬ್ಬರು ನಿಜವಾದ ಪ್ರಶ್ನೆ ಕೇಳುತ್ತಾರೆ. ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಪ್ರಕಟಿಸಿದ ‘ಎವಂಜೆಲೀ ಗೌದಿಯುಂ’ ಪತ್ರದಲ್ಲಿ (145) ಸಿದ್ಧತೆಯಿಲ್ಲದೆ ಬೋಧಿಸುವವರನ್ನು ಅಪ್ರಾಮಾಣಿಕರೆಂದೇ ಕರೆದದ್ದು ಕಟುವೆನಿಸಬಹುದು. ಆ ರಾತ್ರಿ ಬಾಗಿಲು ತಟ್ಟಿದ ಸಹಪಾಠಿಯನ್ನು ನೆನೆದರೆ ಹಾಗೆನಿಸುವುದಿಲ್ಲ.

ಆ ವಿದ್ಯಾರ್ಥಿಯ ವಿಷಯ ಮುಂದೇನಾಯಿತೆಂದು ಕೇಳುವವರಿಗಾಗಿ ಹೇಳುತ್ತೇವೆ. ಸುಳ್ಳಿನಿಂದಾದ ಹಾನಿಗೆ ಪರಿಹಾರ ಸಲ್ಲಿಸಬೇಕೆಂಬುದು ಧರ್ಮಸಭೆಯ ಬೋಧನೆ (ಧರ್ಮೋಪದೇಶ, 2487). ಯಾರಿಗೆ ಹಾನಿಯಾಗಿದೆಯೆಂದು ನಾವು ಅವರನ್ನೇ ಕೇಳಿದೆವು. ಮೂಲ ಲೇಖಕರ ಹೆಸರನ್ನು ಹೇಳುತ್ತಾರೆಂದು ನಿರೀಕ್ಷಿಸಿದ್ದೆವು; ಅವರು ಸಹಪಾಠಿಯ ಹೆಸರನ್ನು ಹೇಳಿದರು. ಅಂದೇ ಮಧ್ಯಾಹ್ನ ಹೋಗಿ ಅವರೊಡನೆ ಮಾತನಾಡಿದರು. ಏನು ಮಾತಾಯಿತೆಂಬುದನ್ನು ನಾವು ವಿಚಾರಿಸಲಿಲ್ಲ. ಆ ಪ್ರಬೋಧನೆಗೆ ಕೊಟ್ಟಿದ್ದ ಅಂಕಗಳನ್ನು ಹೊಡೆದುಹಾಕಿದೆವು. ಮುಖ್ಯಸ್ಥರಿಗೆ ವಿಷಯವನ್ನು ಅವರೇ ತಿಳಿಸಿದರು. ಎರಡು ವಾರಗಳ ನಂತರ ಅದೇ ವಾಚನದ ಮೇಲೆ ಮತ್ತೊಮ್ಮೆ ತರಗತಿಯ ಮುಂದೆ ನಿಂತರು. ಈ ಸಲ ಐದೇ ನಿಮಿಷ ಮಾತನಾಡಿದರು. ಮೊದಲಿಗೆ, ಹಿಂದಿನ ಕಥೆ ಯಾರದೆಂದು ಹೆಸರು ಹೇಳಿದರು. ಬಳಿಕ, ತಮ್ಮ ಮನೆಯಲ್ಲಿ ಇದುವರೆಗೆ ಅಂಥ ಸಾವು ಸಂಭವಿಸಿಲ್ಲವೆಂದೂ ಮಾರ್ತಳ ದುಃಖ ತಮಗಿನ್ನೂ ಹೊರಗಿನಿಂದಲೇ ತಿಳಿದಿದೆಯೆಂದೂ ಹೇಳಿ, ಆ ಬಾಗಿಲು ತಟ್ಟಿದ ರಾತ್ರಿ ತಮಗೆ ಮಾತು ಬಾರದೆ ಹೋದದ್ದನ್ನು ವಿವರಿಸಿದರು. ಭಾಷೆ ಅಲ್ಲಲ್ಲಿ ತಡವರಿಸಿತು. ಅಂಕ ಕೊಡುವಾಗ ನಾವೂ ಸ್ವಲ್ಪ ಹೊತ್ತು ತಡವರಿಸಿದೆವು.